ಕಡಲಾಚೆಯ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಗಾದೆ ಕಟ್ಟಿದ ಹಿರಿಯರು ‘ಮನೆ ಮಾರಿ ನೋಡು’ ಎಂಬ ಮಾತನ್ನು ಮಾತ್ರ ಹೇಳದೆ ಬಿಟ್ಟಿದ್ದಾರೆ. ಅವರ ಕಾಲದಲ್ಲಿ ಮನೆ ಮಾರುವುದೆಂದರೆ ಮನೆತನಕ್ಕೆ ಒದಗಿದ ದುರ್ದೆಸೆಯ ಕಡೆಯ ಅಧ್ಯಾಯ. ಅದನ್ನು ಗಾದೆಯಲ್ಲಿ ಸೇರಿಸುವುದು ಕೂಡ ಅಪಶಕುನವೆಂದು ತೋರಿದ್ದಿರಬೇಕು. ಈಗಿನ ಕಾಲ ಬೇರೆ. ಉಡುಪಿಯ ಒಂದು ಮನೆಯ ಜಗಲಿಯಲ್ಲಿ ಕುಳಿತು, ಅರಬ್ಬೀ ಸಮುದ್ರದ ಆಚೆಯ ದಡದಲ್ಲಿ ಇಪ್ಪತ್ತನೆಯ ಅಂತಸ್ತಿನಲ್ಲಿರುವ ಮನೆಯೊಂದನ್ನು ಮಾರಬೇಕೋ ಬಾಡಿಗೆಗೆ ಕೊಡಬೇಕೋ ಎಂದು ಗಂಡಹೆಂಡಿರು ತರ್ಕಿಸುವ ಕಾಲ. ಅದೂ ಪೇಟೆಯಲ್ಲಿ ಕೊಳ್ಳುವವರೇ ಕಾಣದ ವೇಳೆಯಲ್ಲಿ ಈ ತರ್ಕ ನಡೆದರೆ ಅದರ ಕಾವು ಎಷ್ಟೆಂಬುದನ್ನು ಅನುಭವಿಸಿದವರೇ ಬಲ್ಲರು.

ಕನ್ನಡ ಕರಾವಳಿಗೂ ಪರ್ಷಿಯನ್ ಕೊಲ್ಲಿಗೂ ಇರುವ ನಂಟು ಇಂದುನಿನ್ನೆಯದಲ್ಲ. ಎಣ್ಣೆಯ ಐಶ್ವರ್ಯ ಉಕ್ಕಿ ಹರಿಯತೊಡಗಿದ ೧೯೭೦ರ ದಶಕದಿಂದ ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳ ಹೆಂಚಿನ ಮಾಡು ತಾರಸಿಯಾದದ್ದು ಅಲ್ಲಿಂದ ಬಂದ ಹಣದಿಂದ. ಆದರೆ ದುಬೈ ನಗರದಲ್ಲಿ ಮೂವತ್ತು ವರ್ಷ ದುಡಿದವನಿಗೂ ಅಲ್ಲಿನ ನೆಲದಲ್ಲಿ ಒಂದು ಅಂಗುಲವೂ ತನ್ನದೆನ್ನುವ ಭಾಗ್ಯ ಇರಲಿಲ್ಲ. ಕರಾಮಾದಲ್ಲೋ ದೇರಾದಲ್ಲೋ ಬಾಡಿಗೆಯ ಕೋಣೆ, ವರ್ಷಕ್ಕೊಮ್ಮೆ ಊರು. ಕೆಲಸ ಮುಗಿದ ದಿನ ಪೆಟ್ಟಿಗೆ ಕಟ್ಟುವುದು. ಇದು ಎಲ್ಲರಿಗೂ ಗೊತ್ತಿದ್ದ ಕರಾರು. ಗೊತ್ತಿದ್ದುದರಿಂದಲೇ ದುಡಿದ ಹಣವೆಲ್ಲ ಊರಿಗೆ ಬರುತ್ತಿತ್ತು.

೨೦೦೨ರಲ್ಲಿ ಈ ಕರಾರು ಬದಲಾಯಿತು. ನಗರದ ಕೆಲವು ಗೊತ್ತುಪಡಿಸಿದ ಭಾಗಗಳಲ್ಲಿ ಪರದೇಶದವರೂ ಪೂರ್ಣ ಸ್ವಾಮ್ಯದ ಮನೆಯನ್ನು ಕೊಳ್ಳಬಹುದೆಂದು ಆಗ ಯುವರಾಜರಾಗಿದ್ದ ಷೇಖ್ ಮೊಹಮ್ಮದ್ ಬಿನ್ ರಷೀದ್ ಘೋಷಿಸಿದರು. ೨೦೦೬ರ ೭ನೆಯ ಕಾನೂನು ಈ ಘೋಷಣೆಗೆ ಶಾಸನದ ಬಲವನ್ನು ಕೊಟ್ಟಿತು. ಈ ನಾಲ್ಕು ವರ್ಷಗಳ ಅಂತರದಲ್ಲಿ ಕಾನೂನಿಗಾಗಿ ಯಾರೂ ಕಾಯಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಮರಳಿನ ಮೇಲೆ ಸುಣ್ಣದ ಗೆರೆ ಎಳೆದಿದ್ದರೆ ಸಾಕು, ಆ ಗೆರೆಯೊಳಗಿನ ಮನೆಗಳೆಲ್ಲ ಮಾರಾಟವಾಗಿ ಹೋಗುತ್ತಿದ್ದವು. ಬೆಲೆಯ ಹತ್ತನೆಯ ಒಂದು ಪಾಲನ್ನು ಕಟ್ಟಿ ಹೆಸರು ಬರೆಸಿದವನು, ಅಸ್ತಿಭಾರ ಬೀಳುವ ಮುನ್ನವೇ ಆ ಕಾಗದವನ್ನು ಮತ್ತೊಬ್ಬನಿಗೆ ಲಾಭಕ್ಕೆ ಮಾರಿ ಮುಂದಿನ ಕಟ್ಟಡದ ಸಾಲಿನಲ್ಲಿ ನಿಲ್ಲುತ್ತಿದ್ದನು. ಇಟ್ಟಿಗೆ ಕಾಣದ ಮನೆ ಮೂರು ಕೈ ದಾಟುತ್ತಿತ್ತು.

ಈ ಆಟವನ್ನು ಆಡಿದವರೆಲ್ಲ ಜೂಜುಗಾರರಲ್ಲ ಎಂಬುದನ್ನು ಹೇಳಲೇಬೇಕು. ಬಾಡಿಗೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದ ಊರಿನಲ್ಲಿ ‘ಬಾಡಿಗೆ ಕಟ್ಟುವ ಹಣಕ್ಕೆ ಇನ್ನಷ್ಟು ಸೇರಿಸಿದರೆ ಸಾಲದ ಕಂತೇ ತೀರುತ್ತದೆ, ಕಡೆಗೆ ಮನೆಯಾದರೂ ಉಳಿಯುತ್ತದೆ’ ಎಂದು ಲೆಕ್ಕ ಹಾಕುವುದು ಯಾವ ಗೃಹಸ್ಥನಿಗೂ ಸಹಜ. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾಳೆಯೂ ಕೆಲಸವಿರುತ್ತದೆ, ನಾಡಿದ್ದೂ ಬೆಲೆ ಇಳಿಯದು ಎಂಬ ಎರಡು ಸಂಗತಿಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಮಾತ್ರ ಕಷ್ಟಕ್ಕೆ ಕಾರಣವಾಯಿತು.

೨೦೦೮ರ ಸೆಪ್ಟೆಂಬರ್ ೧೫ರಂದು ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯೆದ್ದಿತು. ಮನೆ ಕೊಳ್ಳುವವರಿಗೆ ಸಾಲ ಕೊಡುತ್ತಿದ್ದ ಅಮ್ಲಾಕ್ ಮತ್ತು ತಮ್ವೀಲ್ ಎಂಬ ಎರಡು ದೊಡ್ಡ ಸಂಸ್ಥೆಗಳು ಅದೇ ವರ್ಷದ ನವೆಂಬರಿನ ವೇಳೆಗೆ ಹೊಸ ಸಾಲವನ್ನು ನಿಲ್ಲಿಸಿದವು. ಸಾಲವಿಲ್ಲದೆ ಕೊಳ್ಳುವವನಿಲ್ಲ, ಕೊಳ್ಳುವವನಿಲ್ಲದೆ ಬೆಲೆಯಿಲ್ಲ. ಒಂದೆರಡು ವರ್ಷಗಳಲ್ಲಿ ಬೆಲೆಗಳು ಸುಮಾರು ಅರ್ಧಕ್ಕೆ ಇಳಿದವು. ಕೆಲವು ಬಡಾವಣೆಗಳಲ್ಲಿ ಅದಕ್ಕೂ ಕೆಳಗೆ. ೨೦೦೯ರ ನವೆಂಬರ್ ೨೫ರಂದು ಸರ್ಕಾರದ್ದೇ ಆದ ದುಬೈ ವರ್ಲ್ಡ್ ಸಂಸ್ಥೆ ಸಾಲಗಾರರಲ್ಲಿ ವಾಯಿದೆ ಕೇಳಿದಾಗ ಉಳಿದಿದ್ದ ಧೈರ್ಯವೂ ಉಡುಗಿತು. ಡಿಸೆಂಬರಿನಲ್ಲಿ ನೆರೆಯ ಅಬುಧಾಬಿ ಸಾವಿರ ಕೋಟಿ ಡಾಲರುಗಳ ನೆರವನ್ನು ನೀಡಿತು. ಮರುತಿಂಗಳ ೪ರಂದು ೮೨೮ ಮೀಟರ್ ಎತ್ತರದ ಗೋಪುರ ಉದ್ಘಾಟನೆಯಾದಾಗ, ಅಲ್ಲಿಯವರೆಗೆ ಬುರ್ಜ್ ದುಬೈ ಎನಿಸಿಕೊಂಡಿದ್ದ ಅದಕ್ಕೆ ಅಬುಧಾಬಿಯ ದೊರೆಯ ಹೆಸರು ಬಂದು ಬುರ್ಜ್ ಖಲೀಫಾ ಆಯಿತು. ಸಾಲ ಕೊಟ್ಟವನ ಹೆಸರನ್ನು ಮನೆಗೆ ಇಡುವುದು ಹಳ್ಳಿಯಲ್ಲೂ ಉಂಟು, ಆಶ್ಚರ್ಯಪಡಬೇಕಾದ್ದೇನೂ ಇಲ್ಲ.

ಈ ಬಿರುಗಾಳಿಯಲ್ಲಿ ಸಿಕ್ಕಿದ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಉಡುಪಿಯ ಕಡೆಯವನು, ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಅಧಿಕಾರಿ, ಇಬ್ಬರು ಮಕ್ಕಳ ತಂದೆ. ೨೦೦೮ರ ಮೊದಲಲ್ಲಿ ಸಾವಿರ ಚದರ ಅಡಿಯ ಮನೆಯನ್ನು ೧೨ ಲಕ್ಷ ದಿರ್ಹಮಿಗೆ ಕೊಂಡನೆಂದು ಇಟ್ಟುಕೊಳ್ಳಿ. ಕೈಯಿಂದ ೩ ಲಕ್ಷ, ಬ್ಯಾಂಕಿನದು ೯ ಲಕ್ಷ. ೨೦೧೦ರಲ್ಲಿ ಅವನ ಕೆಲಸ ಹೋಯಿತು. ಅಲ್ಲಿ ನೆಲೆಸುವ ಪರವಾನಿಗೆ ಕೆಲಸಕ್ಕೆ ಅಂಟಿಕೊಂಡಿದ್ದುದರಿಂದ, ಆಗಿನ ನಿಯಮದಂತೆ ವೀಸಾ ರದ್ದಾದ ಮೇಲೆ ಇರಲು ೩೦ ದಿನಗಳ ಅವಕಾಶ. ಮನೆ ಅವನದು, ಆದರೆ ಆ ಮನೆಯಲ್ಲಿ ಇರುವ ಹಕ್ಕು ಅವನದಲ್ಲ! ತಿಂಗಳೊಳಗೆ ತೀರ್ಮಾನವಾಗಬೇಕು. ಬ್ಯಾಂಕಿನ ಬಾಕಿ ಎಂಟೂವರೆ ಲಕ್ಷ, ಪೇಟೆಯಲ್ಲಿ ಮನೆಯ ಬೆಲೆ ೬ ಲಕ್ಷ.

ಮಾರುವುದು ಮೊದಲನೆಯ ದಾರಿ. ಬ್ಯಾಂಕಿನ ಅಡವು ಭೂದಾಖಲೆಯಲ್ಲಿ ನಮೂದಾಗಿರುವುದರಿಂದ ಸಾಲ ಪೂರ್ತಿ ತೀರದೆ ಮನೆ ಬೇರೊಬ್ಬರ ಹೆಸರಿಗೆ ಹೋಗದು. ಆದುದರಿಂದ ೬ ಲಕ್ಷಕ್ಕೆ ಮಾರಿದವನು ಎರಡೂವರೆ ಲಕ್ಷ ದಿರ್ಹಮುಗಳನ್ನು, ಎಂದರೆ ಆಗಿನ ವಿನಿಮಯದಲ್ಲಿ ೩೧ ಲಕ್ಷ ರೂಪಾಯಿಗಳನ್ನು, ಕೈಯಿಂದ ಹಾಕಬೇಕು. ಹೀಗೆ ಹಣ ತೆತ್ತು ಮನೆ ಕಳೆದುಕೊಳ್ಳುವ ವ್ಯಾಪಾರ ಯಾರ ಬುದ್ಧಿಗೂ ಸುಲಭವಾಗಿ ಒಗ್ಗತಕ್ಕದ್ದಲ್ಲ. ಎಲ್ಲವನ್ನೂ ಬಿಟ್ಟು ವಿಮಾನ ಹತ್ತಿದವರೂ ಇದ್ದರು. ನಿಲ್ದಾಣದಲ್ಲಿ ಬಿಟ್ಟುಹೋದ ಕಾರುಗಳ ಸುದ್ದಿಯನ್ನು ಆ ವರ್ಷಗಳಲ್ಲಿ ಪತ್ರಿಕೆಗಳು ಬಣ್ಣಿಸಿ ಬಣ್ಣಿಸಿ ಬರೆದವು. ಆ ದಾರಿಯಲ್ಲಿ ಒಂದು ಕೊಕ್ಕೆ ಇತ್ತು. ಸಾಲ ಕೊಡುವಾಗ ಬ್ಯಾಂಕುಗಳು ಭದ್ರತೆಗೆಂದು ಚೆಕ್ಕನ್ನು ಬರೆಸಿಕೊಳ್ಳುತ್ತಿದ್ದವು. ಹಣವಿಲ್ಲದೆ ಚೆಕ್ಕು ಹಿಂದಿರುಗುವುದು ಆಗ ಅಲ್ಲಿ ಸೆರೆಮನೆಗೆ ದಾರಿಯಾಗಿತ್ತು. ಈ ಕಾನೂನು ಬಹುಮಟ್ಟಿಗೆ ಸಡಿಲಗೊಂಡದ್ದು ೨೦೨೨ರ ಜನವರಿಯಿಂದ. ಓಡಿಹೋದವನು ಕೊಲ್ಲಿಯ ಯಾವ ಕೆಲಸಕ್ಕೂ ಮತ್ತೆ ಕಾಲಿಡುವಂತಿರಲಿಲ್ಲ. ನಲವತ್ತರ ಪ್ರಾಯದ ದುಡಿಯುವ ಮನುಷ್ಯನಿಗೆ ಇದಕ್ಕಿಂತ ಮನೆಯ ನಷ್ಟವೇ ಲೇಸು.

ಮಾರುವವನ ಮನಸ್ಸಿನ ಕುರಿತು ಇಲ್ಲಿ ಒಂದು ಮಾತು. ಕೊಂಡ ಬೆಲೆ ಎಂಬುದು ವಿಚಿತ್ರವಾದ ವಸ್ತು. ಕೊಳ್ಳುವವನಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಅವನು ನೋಡುವುದು ಪಕ್ಕದ ಮನೆ ಇಂದು ಎಷ್ಟಕ್ಕೆ ಹೋಯಿತೆಂಬುದನ್ನು. ಆದರೆ ಮಾರುವವನ ಎದೆಯಲ್ಲಿ ಅದು ಕಲ್ಲಿನ ಶಾಸನದಂತೆ ಕೆತ್ತಿ ಕುಳಿತಿರುತ್ತದೆ. ಡೇವಿಡ್ ಜೆನೆಸೊವ್ ಮತ್ತು ಕ್ರಿಸ್ಟೋಫರ್ ಮೇಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಬಾಸ್ಟನ್ ನಗರದಲ್ಲಿ ೧೯೯೦ರಿಂದ ೧೯೯೭ರವರೆಗೆ ಮಾರಾಟಕ್ಕೆ ಬಂದ ಅಂತಸ್ತಿನ ಮನೆಗಳನ್ನು ಪರಿಶೀಲಿಸಿ ೨೦೦೧ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅಲ್ಲಿಯೂ ಬೆಲೆ ಕುಸಿದಿತ್ತು. ನಷ್ಟಕ್ಕೆ ಮಾರಬೇಕಾಗಿದ್ದವರು, ನಿರೀಕ್ಷಿತ ಬೆಲೆಗೂ ತಾವು ಕೊಂಡ ಬೆಲೆಗೂ ಇದ್ದ ಅಂತರದ ನೂರಕ್ಕೆ ೨೫ರಿಂದ ೩೫ರಷ್ಟನ್ನು ಏರಿಸಿ ಕೇಳಿದರೆಂದೂ, ಅದರ ಫಲವಾಗಿ ಅವರ ಮನೆಗಳು ಮಾರಾಟವಾಗುವ ಸಂಭವ ಕಡಮೆಯಾಯಿತೆಂದೂ ಅವರು ಕಂಡರು. ಸ್ವತಃ ವಾಸವಾಗಿದ್ದವರಲ್ಲಿ ಈ ಹಟ, ಹೂಡಿಕೆಗೆಂದು ಕೊಂಡವರಲ್ಲಿದ್ದುದಕ್ಕಿಂತ ಹೆಚ್ಚಾಗಿತ್ತು. ಅರಿಯದ ಸಂಗತಿಯೇನಲ್ಲ. ಸಂತೆಗೆ ಎತ್ತನ್ನು ಹೊಡೆದುಕೊಂಡು ಹೋಗಿ ಸಂಜೆ ಅದನ್ನೇ ಹೊಡೆದುಕೊಂಡು ಬರುವ ರೈತನನ್ನು ಕಂಡವರಿಗೆ ಬಾಸ್ಟನ್ನಿನ ಜನ ಹೊಸಬರಾಗಿ ತೋರರು.

ಇನ್ನು ಬಾಡಿಗೆಯ ದಾರಿ. ದುಬೈಯಲ್ಲಿ ಬಾಡಿಗೆ ತಿಂಗಳ ಲೆಕ್ಕವಲ್ಲ, ವರ್ಷದ ಲೆಕ್ಕ. ಮುಂದಿನ ದಿನಾಂಕ ಹಾಕಿದ ಚೆಕ್ಕುಗಳನ್ನು ಬಾಡಿಗೆದಾರ ಮೊದಲೇ ಬರೆದು ಒಪ್ಪಿಸುವುದು ಅಲ್ಲಿನ ರೂಢಿ. ಪೇಟೆ ಏರಿದ್ದಾಗ ಮಾಲೀಕನು ಇಡೀ ವರ್ಷದ್ದನ್ನು ಒಂದೇ ಚೆಕ್ಕಿನಲ್ಲಿ ಕೇಳುತ್ತಿದ್ದನು. ೨೦೦೯ರ ಬಳಿಕ ಪಾತ್ರಗಳು ಅದಲುಬದಲಾದವು. ನಾಲ್ಕು ಚೆಕ್ಕು, ಆರು ಚೆಕ್ಕು, ಕಡೆಗೆ ಹನ್ನೆರಡು. ಮೇಲೆ ಒಂದು ತಿಂಗಳು ಬಾಡಿಗೆಯೇ ಇಲ್ಲ. ಚಿಕ್ಕ ಮನೆಯಲ್ಲಿದ್ದವರು ಅದೇ ಹಣಕ್ಕೆ ದೊಡ್ಡ ಮನೆಗೆ ಹೋದರು, ದೂರದಲ್ಲಿದ್ದವರು ಹತ್ತಿರಕ್ಕೆ ಬಂದರು. ಬಿದ್ದ ಪೇಟೆಯಲ್ಲಿ ಬಾಡಿಗೆದಾರನೇ ಅರಸು.

ಕಲ್ಪಿತ ಗೃಹಸ್ಥನ ಮನೆಗೆ ವರ್ಷಕ್ಕೆ ೫೫,೦೦೦ ದಿರ್ಹಮ್ ಬಾಡಿಗೆ ಬಂದಿತೆನ್ನಿ. ಕಟ್ಟಡದ ಲಿಫ್ಟು, ಕಾವಲು, ಈಜುಕೊಳಗಳ ನಿರ್ವಹಣೆಗೆಂದು ಮಾಲೀಕನು ಚದರ ಅಡಿಯ ಲೆಕ್ಕದಲ್ಲಿ ತೆರಬೇಕಾದ ಶುಲ್ಕವೊಂದುಂಟು. ಅಡಿಗೆ ೧೫ರಂತೆ ಹಿಡಿದರೆ ೧೫,೦೦೦. ಮೇಲ್ವಿಚಾರಣೆ, ದುರಸ್ತಿ, ಮನೆ ಖಾಲಿ ಬಿದ್ದ ದಿನಗಳ ನಷ್ಟ ಸೇರಿ ೭,೦೦೦. ಉಳಿದದ್ದು ೩೩,೦೦೦. ಎಂಟೂವರೆ ಲಕ್ಷದ ಸಾಲಕ್ಕೆ ನೂರಕ್ಕೆ ೭ರ ಬಡ್ಡಿಯಂತೆ ೫೯,೫೦೦. ಎಂದರೆ ಬಡ್ಡಿಗೇ ವರ್ಷಕ್ಕೆ ೨೬,೫೦೦ ದಿರ್ಹಮ್, ಸುಮಾರು ಮೂರೂಕಾಲು ಲಕ್ಷ ರೂಪಾಯಿ, ಊರಿನಿಂದ ಹೋಗಬೇಕು. ದುಡಿದು ಊರಿಗೆ ಹಣ ಕಳುಹಿಸಲು ಹೋದವನು ಊರಿನಿಂದ ಅಲ್ಲಿಗೆ ಹಣ ಕಳುಹಿಸುವ ಸ್ಥಿತಿ! ಆದರೂ ಒಂದೇ ಸಲಕ್ಕೆ ೩೧ ಲಕ್ಷ ತೆರುವುದರ ಮುಂದೆ ವರ್ಷಕ್ಕೆ ಮೂರೂಕಾಲು ಲಕ್ಷ ಸಹಿಸಬಲ್ಲದ್ದಾಗಿ ತೋರಿತು. ಹಲವರು ಬಾಡಿಗೆಗೆ ಕೊಟ್ಟದ್ದು ಲಾಭಕ್ಕಾಗಿ ಅಲ್ಲ, ಉಸಿರು ಹಿಡಿದು ಕಾಯುವುದಕ್ಕಾಗಿ.

ಸಾಲವಿಲ್ಲದೆ ಕೊಂಡಿದ್ದವನಿಗೆ ಅದೇ ಮನೆ ಬೇರೆಯೇ ಮನೆ. ಅವನಿಗೆ ೬ ಲಕ್ಷದ ಆಸ್ತಿಯಿಂದ ೩೩,೦೦೦ದ ಆದಾಯ, ನೂರಕ್ಕೆ ಐದೂವರೆ. ಆ ಕಾಲದಲ್ಲಿ ಡಾಲರ್ ಠೇವಣಿಗೆ ಬ್ಯಾಂಕು ಕೊಡುತ್ತಿದ್ದುದಕ್ಕಿಂತ ಇದು ಎಷ್ಟೋ ಹೆಚ್ಚು. ಆದುದರಿಂದ ಮಾರುವುದು ಮೇಲೋ ಬಾಡಿಗೆ ಮೇಲೋ ಎಂಬ ಪ್ರಶ್ನೆಯನ್ನು ಎಲ್ಲರಿಗೂ ಸಲ್ಲುವಂತೆ ಕೇಳುವುದೇ ತಪ್ಪು. ಮನೆ ಒಂದೇ ಆದರೂ ಹಿಂದಿರುವ ಸಾಲ ಬೇರೆಬೇರೆ.

ಬೀಗ ಹಾಕಿ ಇಟ್ಟುಕೊಳ್ಳುವ ಮೂರನೆಯ ದಾರಿಯನ್ನು ಹಿಡಿದವರ ಸ್ಥಿತಿ ಎಲ್ಲಕ್ಕಿಂತ ಕನಿಷ್ಠ. ನಿರ್ವಹಣೆಯ ಶುಲ್ಕ ಮನೆ ಖಾಲಿಯಿದೆಯೆಂದು ನಿಲ್ಲದು. ಕೆಲವು ಕಟ್ಟಡಗಳಲ್ಲಿ ತಂಪುಗಾಳಿಯನ್ನು ಒಂದು ಕೇಂದ್ರ ಸ್ಥಾವರದಿಂದ ಒದಗಿಸುವುದರಿಂದ, ಬಳಸಿದರೂ ಬಿಟ್ಟರೂ ಅದಕ್ಕೊಂದು ನಿಗದಿಯಾದ ಶುಲ್ಕವುಂಟು. ಬೇಸಗೆಯಲ್ಲಿ ಕಡಲಿನ ತೇವ ತುಂಬಿದ ಸೆಕೆಗೆ ಮುಚ್ಚಿದ ಮನೆಯ ಗೋಡೆ, ಬೀರುಗಳಿಗೆ ಬೂಷ್ಟು ಹಿಡಿಯುತ್ತದೆ. ಶುಲ್ಕದ ಬಾಕಿ ಬೆಳೆಸಿಕೊಂಡವನು ಮುಂದೆ ಮಾರಹೊರಟರೆ, ಕಟ್ಟಡ ಕಟ್ಟಿಸಿದ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತಾರದೆ ಮಾರಾಟ ನಡೆಯದು. ಬಾಕಿ ತೀರದೆ ಆ ಪತ್ರ ದೊರೆಯದು.

ಬಾಡಿಗೆಗೆ ಕೊಟ್ಟವನಿಗೂ ತಿಳಿದಿರಬೇಕಾದ ಕಟ್ಟಳೆಗಳು ಕೆಲವಿವೆ. ೨೦೦೭ರ ೨೬ನೆಯ ಕಾನೂನು ಮತ್ತು ಅದನ್ನು ತಿದ್ದಿದ ೨೦೦೮ರ ೩೩ನೆಯ ಕಾನೂನು ಬಾಡಿಗೆದಾರನಿಗೆ ಬಲವಾದ ರಕ್ಷಣೆಯನ್ನು ಕೊಟ್ಟವು. ಮನೆ ಮಾರುವುದಕ್ಕಾಗಿ ಅವನನ್ನು ಬಿಡಿಸಬೇಕಾದರೆ ನೋಟರಿಯ ಮೂಲಕವೋ ರಿಜಿಸ್ಟರ್ಡ್ ಅಂಚೆಯ ಮೂಲಕವೋ ೧೨ ತಿಂಗಳ ಮುನ್ಸೂಚನೆ ಕೊಡತಕ್ಕದ್ದು. ತನ್ನ ವಾಸಕ್ಕೆಂದು ಬಿಡಿಸಿಕೊಂಡ ಮಾಲೀಕನು ಎರಡು ವರ್ಷ ಅದನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ಮನೆ ಕೈಬದಲಾದ ಮಾತ್ರಕ್ಕೆ ಬಾಡಿಗೆದಾರನ ಹಕ್ಕು ಅಳಿಯುವುದಿಲ್ಲ. ಇದರೊಂದಿಗೆ ೨೦೧೩ರ ೪೩ನೆಯ ಆಜ್ಞೆಯನ್ನು ಓದಬೇಕು: ಕರಾರಿನ ಬಾಡಿಗೆ ಆ ಭಾಗದ ಸರಾಸರಿಗಿಂತ ನೂರಕ್ಕೆ ಹತ್ತರಷ್ಟು ಕೆಳಗಿದ್ದರೂ ಏರಿಸುವಂತಿಲ್ಲ, ನಲವತ್ತಕ್ಕಿಂತ ಹೆಚ್ಚು ಕೆಳಗಿದ್ದರೂ ಒಂದು ಸಲಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಇದರ ಅರ್ಥ ಒಮ್ಮೆಗೆ ಹೊಳೆಯದು. ಬಿದ್ದ ಪೇಟೆಯಲ್ಲಿ ಗಾಬರಿಯಿಂದ ತೀರ ಕಡಮೆಗೆ ಒಪ್ಪಿಕೊಂಡ ಬಾಡಿಗೆ, ಪೇಟೆ ಎದ್ದ ಮೇಲೂ ವರ್ಷಗಟ್ಟಲೆ ಕಾಲಿಗೆ ಕಟ್ಟಿದ ಗುಂಡಿನಂತೆ ಉಳಿಯುತ್ತದೆ. ಬಾಡಿಗೆಯನ್ನು ಇಳಿಸುವುದಕ್ಕಿಂತ ಒಂದು ತಿಂಗಳನ್ನು ಬಿಟ್ಟುಕೊಡುವುದೋ, ಚೆಕ್ಕುಗಳ ಸಂಖ್ಯೆಯನ್ನು ಹೆಚ್ಚಿಸುವುದೋ ಜಾಣತನವೆಂದು ಅನುಭವಸ್ಥರು ಹೇಳುತ್ತಿದ್ದುದು ಈ ಕಾರಣದಿಂದಲೇ.

ಕಾದವರಿಗೆ ಏನಾಯಿತು? ೨೦೧೨ರಿಂದ ಬೆಲೆಗಳು ಚೇತರಿಸಿಕೊಂಡು ೨೦೧೪ರವರೆಗೆ ಭರದಿಂದ ಏರಿದವು. ಅದೇ ಹೊತ್ತಿಗೆ, ೨೦೧೩ರ ಅಕ್ಟೋಬರಿನಿಂದ, ಜೂಜನ್ನು ತಡೆಯುವ ಉದ್ದೇಶದಿಂದ ಸರ್ಕಾರ ನೋಂದಣಿಯ ಶುಲ್ಕವನ್ನು ನೂರಕ್ಕೆ ೨ರಿಂದ ೪ಕ್ಕೆ ಏರಿಸಿತು. ಆ ಎರಡು ವರ್ಷಗಳಲ್ಲಿ ಮಾರಿದವರು ಪಾರಾದರು. ‘ಇಷ್ಟು ಏರಿದ್ದು ಇನ್ನಷ್ಟು ಏರೀತು, ಕೊಂಡ ಬೆಲೆ ಬಂದೊಡನೆ ಕೊಟ್ಟುಬಿಡೋಣ’ ಎಂದವರನ್ನು ೨೦೧೪ರ ಬಳಿಕ ಎರಡನೆಯ ಇಳಿತ ಹಿಡಿಯಿತು. ಎಣ್ಣೆಯ ಬೆಲೆ ಕುಸಿಯಿತು, ಹೊಸ ಕಟ್ಟಡಗಳು ಸಾಲುಸಾಲಾಗಿ ಏಳುತ್ತಲೇ ಇದ್ದವು. ಆರು ವರ್ಷ ಮೆಲ್ಲಮೆಲ್ಲನೆ, ತೊಟ್ಟಿಕ್ಕುವ ಮಾಡಿನಂತೆ, ಬೆಲೆ ಜಿನುಗಿ ಇಳಿಯಿತು. ೨೦೨೦ರ ಮಹಾಮಾರಿ ಅದನ್ನು ತಳ ಮುಟ್ಟಿಸಿತು. ಮೊದಲನೆಯದು ಬಿರುಗಾಳಿ, ಎರಡನೆಯದು ಜಿಟಿಜಿಟಿ ಮಳೆ. ಜನರನ್ನು ಹೆಚ್ಚು ದಣಿಸಿದ್ದು ಎರಡನೆಯದೇ. ಹನ್ನೆರಡು ವರ್ಷ ತಾಳಿ, ೨೦೨೦ರಲ್ಲಿ ಬೇಸತ್ತು ಸಿಕ್ಕಿದ ಬೆಲೆಗೆ ಕೊಟ್ಟವರ ಕಣ್ಣೆದುರಿಗೇ ೨೦೨೧ರಿಂದ ಬೆಲೆಗಳು ಮತ್ತೆ ಮೇಲೆದ್ದವು. ಇದರಿಂದ ಕಾಯುವುದೇ ಸರಿ ಎಂದೂ ಹೇಳಲಾಗದು, ತಪ್ಪು ಎಂದೂ ಹೇಳಲಾಗದು. ಕಾಯುವವನ ಮನೆಯಲ್ಲಿ ಮಗಳ ವಿದ್ಯಾಭ್ಯಾಸ ಕಾಯುತ್ತದೆಯೆ, ತಾಯಿಯ ಶಸ್ತ್ರಚಿಕಿತ್ಸೆ ಕಾಯುತ್ತದೆಯೆ ಎಂಬುದನ್ನು ಯಾವ ಬೆಲೆಪಟ್ಟಿಯೂ ತಿಳಿಸದು.

ಊರಿನಲ್ಲಿರುವವರನ್ನು ಮೋಸಗೊಳಿಸುವ ಮತ್ತೊಂದು ಲೆಕ್ಕವಿದೆ, ಅದು ರೂಪಾಯಿಯದು. ಒಂದು ಕಾಲದಲ್ಲಿ ದುಬೈಯ ನಾಣ್ಯವೇ ರೂಪಾಯಿಯಾಗಿತ್ತು. ಕೊಲ್ಲಿಯ ಬಳಕೆಗೆಂದೇ ಭಾರತದ ರಿಸರ್ವ್ ಬ್ಯಾಂಕು ೧೯೫೯ರಿಂದ ಬೇರೆ ನೋಟುಗಳನ್ನು ಅಚ್ಚುಹಾಕುತ್ತಿತ್ತು. ೧೯೬೬ರಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಿದಾಗ ಆ ಸಂಬಂಧ ಕಳಚಿತು. ಈಗಿನ ದಿರ್ಹಮ್ ೧೯೯೭ರಿಂದ ಡಾಲರಿಗೆ ೩.೬೭೨೫ರಂತೆ ಗಟ್ಟಿಯಾಗಿ ಕಟ್ಟಿಕೊಂಡಿರುವುದರಿಂದ ರೂಪಾಯಿ ಡಾಲರಿನೆದುರು ಇಳಿದಷ್ಟೂ ದಿರ್ಹಮಿನೆದುರು ಇಳಿಯುತ್ತದೆ. ೨೦೦೮ರ ಆರಂಭದಲ್ಲಿ ಒಂದು ದಿರ್ಹಮಿಗೆ ಸುಮಾರು ಹತ್ತೂಮುಕ್ಕಾಲು ರೂಪಾಯಿ. ೨೦೧೩ರ ಕೊನೆಗೆ ಸುಮಾರು ಹದಿನೇಳು. ಸಾಲದ ಮಾತನ್ನು ಬದಿಗಿಟ್ಟು ನೋಡಿದರೆ, ೧೨ ಲಕ್ಷಕ್ಕೆ ಕೊಂಡ ಮನೆ ಒಂದು ಕೋಟಿ ಇಪ್ಪತ್ತೊಂಬತ್ತು ಲಕ್ಷ ರೂಪಾಯಿಯದು. ೨೦೧೩ರ ಕೊನೆಗೆ ಎಂಟೂವರೆ ಲಕ್ಷ ದಿರ್ಹಮಿಗೆ ಮಾರಿದರೆ ಬರುವುದು ಒಂದು ಕೋಟಿ ನಲವತ್ನಾಲ್ಕೂವರೆ ಲಕ್ಷ. ‘ನಷ್ಟವೆಲ್ಲಿ? ಹದಿನೈದು ಲಕ್ಷ ಲಾಭವೇ ಆಯಿತಲ್ಲ!’ ಎಂದು ಗಂಡ ಬೀಗುತ್ತಾನೆ. ಆ ೧೨ ಲಕ್ಷ ದಿರ್ಹಮುಗಳನ್ನು ಬಡ್ಡಿಯಿಲ್ಲದೆ ಸುಮ್ಮನೆ ಪೆಟ್ಟಿಗೆಯಲ್ಲಿಟ್ಟಿದ್ದರೂ ಎರಡು ಕೋಟಿ ನಾಲ್ಕು ಲಕ್ಷವಾಗುತ್ತಿತ್ತೆಂಬುದನ್ನು ಹೆಂಡತಿ ಹೇಳದೆ ಬಿಟ್ಟರೆ ಅದು ಅವಳ ದಾಕ್ಷಿಣ್ಯ.

ಊರಿಗೆ ಮರಳಿ ನೆಲೆಸಿದವನು ಆ ಮನೆಯನ್ನು ಇಟ್ಟುಕೊಳ್ಳಬಹುದೆ ಎಂಬ ಸಂದೇಹ ಹಲವರಿಗುಂಟು. ಇಟ್ಟುಕೊಳ್ಳಬಹುದು. ಹೊರದೇಶದಲ್ಲಿ ನೆಲೆಸಿದ್ದಾಗ ಸಂಪಾದಿಸಿದ ಸ್ಥಿರಾಸ್ತಿಯನ್ನು ಹಿಂದಿರುಗಿದ ಮೇಲೂ ಹೊಂದಿರಲು ೧೯೯೯ರ ವಿದೇಶೀ ವಿನಿಮಯ ಕಾನೂನಿನ ೬ನೆಯ ವಿಧಿ ಅವಕಾಶ ಕೊಟ್ಟಿದೆ. ಆದರೆ ದುಬೈಯಲ್ಲಿ ವ್ಯಕ್ತಿಗಳ ಬಾಡಿಗೆಗೆ ಆದಾಯ ತೆರಿಗೆ ಇಲ್ಲವೆಂದು ಇಲ್ಲಿಯೂ ಇಲ್ಲವೆಂದು ತಿಳಿಯಬಾರದು. ಪೂರ್ಣವಾಗಿ ಇಲ್ಲಿನ ನಿವಾಸಿಯೆನಿಸಿದವನು ಜಗತ್ತಿನ ಯಾವ ಮೂಲೆಯಿಂದ ಬಂದ ಆದಾಯವನ್ನೂ ಲೆಕ್ಕಕ್ಕೆ ತೋರಿಸಬೇಕು. ಹೊರದೇಶದ ಆಸ್ತಿಯ ವಿವರವನ್ನೂ ತೆರಿಗೆಯ ಪತ್ರದಲ್ಲಿ ಬರೆಯಬೇಕು. ಬರೆಯದೆ ಬಿಟ್ಟವನಿಗೆ ೨೦೧೫ರ ಕಪ್ಪುಹಣದ ಕಾನೂನು ಗೊತ್ತುಪಡಿಸಿದ ದಂಡ ೧೦ ಲಕ್ಷ ರೂಪಾಯಿ. ಬಾಡಿಗೆಯೇ ಬಾರದ ವರ್ಷದಲ್ಲಿಯೂ ಆಸ್ತಿ ಆಸ್ತಿಯೇ ಎಂಬುದನ್ನು ಮರೆಯಬಾರದು.

ದೂರದಲ್ಲಿದ್ದು ಮಾರುವವನು ಅಲ್ಲಿ ಒಬ್ಬ ನಂಬಿಕೆಯ ಮನುಷ್ಯನಿಗೆ ಅಧಿಕಾರ ಪತ್ರ ಬರೆದುಕೊಡಬೇಕು. ಇಲ್ಲಿ ನೋಟರಿ, ಸರ್ಕಾರದ ಮುದ್ರೆ, ಆ ದೇಶದ ರಾಯಭಾರ ಕಚೇರಿಯ ಮುದ್ರೆ. ಅಲ್ಲಿ ಅವರ ವಿದೇಶಾಂಗ ಇಲಾಖೆಯ ಮುದ್ರೆ, ಅರಬ್ಬೀ ಭಾಷೆಯ ಅನುವಾದ. ಮುದ್ರೆಗಳು ಮುಗಿಯುವುದರೊಳಗೆ ಕೊಳ್ಳುವವನ ಮನಸ್ಸು ಬದಲಾದ ಉದಾಹರಣೆಗಳು ಇಲ್ಲದಿಲ್ಲ. ಆದುದರಿಂದ ಮಾರುವ ಯೋಚನೆ ಬಂದ ದಿನವೇ, ಗಿರಾಕಿ ಸಿಗುವುದಕ್ಕೆ ಮೊದಲೇ, ಈ ಪತ್ರವನ್ನು ಸಿದ್ಧಪಡಿಸಿಕೊಂಡಿರುವುದು ಒಳಿತು. ಪತ್ರದಲ್ಲಿ ಮಾರುವ ಅಧಿಕಾರ, ಬೆಲೆಯನ್ನು ಪಡೆಯುವ ಅಧಿಕಾರ ಎರಡನ್ನೂ ಒಬ್ಬನಿಗೇ ಕೊಡಬೇಕೆಂಬ ನಿರ್ಬಂಧವೇನೂ ಇಲ್ಲ. ಹಣದ ಚೆಕ್ಕು ಮಾಲೀಕನ ಹೆಸರಿಗೇ ಬರತಕ್ಕದ್ದೆಂದು ಬರೆಸುವುದರಿಂದ ನೆಂಟಸ್ತಿಕೆಯೂ ಉಳಿಯುತ್ತದೆ.

ಎಲ್ಲರೂ ಮುಂದಕ್ಕೆ ಹಾಕುವ ಕೆಲಸವೊಂದಿದೆ. ಮನೆ ಗಂಡನ ಹೆಸರಿನಲ್ಲಿದ್ದು ಅವನಿಗೆ ಅಕಸ್ಮಾತ್ತಾಗಿ ಏನಾದರೂ ಆದರೆ, ಅಲ್ಲಿನ ಆಸ್ತಿ ತಾನಾಗಿಯೇ ಹೆಂಡತಿಯ ಕೈಗೆ ಬರುವುದಿಲ್ಲ. ಅಲ್ಲಿನ ನ್ಯಾಯಾಲಯದ ಆಜ್ಞೆಯಾಗಬೇಕು, ಅಲ್ಲಿಯವರೆಗೆ ಮಾರುವಂತೆಯೂ ಇಲ್ಲ, ಹೊಸ ಬಾಡಿಗೆಯ ಕರಾರು ಮಾಡುವುದೂ ತೊಡಕು. ಮುಸ್ಲಿಮರಲ್ಲದವರು ತಮ್ಮ ಇಷ್ಟದಂತೆ ಉಯಿಲನ್ನು ನೋಂದಾಯಿಸಲೆಂದು ೨೦೧೫ರಲ್ಲಿ ದುಬೈಯ ಹಣಕಾಸು ಕೇಂದ್ರದಲ್ಲಿ ಒಂದು ಕಚೇರಿ ತೆರೆಯಿತು. ಉಯಿಲು ಬರೆಯಲು ಶುಲ್ಕ ದುಬಾರಿಯೆಂದು ಗೊಣಗುವ ಗೃಹಸ್ಥರು ಎಷ್ಟೋ ಮಂದಿ. ಉಡುಪಿಯ ಬೀರುವಿನಲ್ಲಿ ಆ ಮನೆಯ ಹಕ್ಕುಪತ್ರ, ಬಾಡಿಗೆಯ ಕರಾರು, ಬ್ಯಾಂಕಿನ ಕಾಗದ ಮೂರೂ ಯಾವ ಲಕೋಟೆಯಲ್ಲಿವೆ ಎಂಬುದನ್ನು ಹೆಂಡತಿಗೆ ತಿಳಿಸುವುದಕ್ಕೆ ಶುಲ್ಕವೇನೂ ಇಲ್ಲ. ಅದನ್ನಾದರೂ ಈ ವಾರವೇ ಮಾಡಬಹುದು.